ಎಂಟುನೂರು ಗಜದ ಆಚೆ

ನಮ್ಮ ಮನೆಯಲ್ಲಿ ಮನುಷ್ಯರು ಮೂವರಿದ್ದೆವು, ಬಂದೂಕುಗಳು ನಾಲ್ಕಿದ್ದವು. ಹುಬ್ಬಳ್ಳಿ ಮುಗಿದು ಗೋಪನಕೊಪ್ಪದ ಹೊಲಗಳು ಶುರುವಾಗುವಲ್ಲಿ ಇದ್ದ ಮಾಳಿಗೆಮನೆ ಅದು. ಮುಂದೆ ಪಡಸಾಲೆ, ಅದರ ಒಳಗೆ ನಡುಮನೆ, ನಡುಮನೆಯ ಎಡಕ್ಕೆ ಅಡುಗೆಮನೆ, ಬಲಕ್ಕೆ ದೇವರ ಕೋಣೆ. ದೇವರ ಕೋಣೆಗೆ ಒತ್ತಿಕೊಂಡು ಒಂದು ಕಾಳಿನ ಕೋಣೆ. ಅಜ್ಜನ ಕಾಲದಲ್ಲಿ ಅದರ ತುಂಬ ಜೋಳದ ಚೀಲಗಳಿದ್ದವಂತೆ. ನಾನು ಕಾಣುವ ಹೊತ್ತಿಗೆ ಅಲ್ಲಿ ತೇಗದ ಒಂದು ಉದ್ದ ಕಪಾಟು, ಅದರೊಳಗೆ ಸಾಲಾಗಿ ನಿಂತ ಬಂದೂಕುಗಳು, ಒಂದು ಮೇಜು, ಮೊಳೆಗೆ ಸಿಕ್ಕಿಸಿದ ಚಿಂದಿ ಬಟ್ಟೆಗಳು, ಬಾಟಲಿಯಲ್ಲಿ ಅಗಸೆ ಎಣ್ಣೆ. ಆ ಎಣ್ಣೆಯಿಂದ ಅಪ್ಪ ಬಂದೂಕಿನ ಮರವನ್ನು ತಿಕ್ಕುತ್ತಿದ್ದ. ಗೋಡೆಯ ಆಚೆಯಿಂದ ಬರುವ ವಿಭೂತಿ, ಧೂಪದ ವಾಸನೆಯೊಂದಿಗೆ ಅದು ಬೆರೆತು ನಡುಮನೆಯೆಲ್ಲ ಹರಡುತ್ತಿತ್ತು. ಈಗಲೂ ಬಡಗಿಯ ಅಂಗಡಿಯ ಮುಂದೆ ಹಾಯ್ದರೆ ಪೂಜೆಯ ಹೊತ್ತಾಯಿತೇನೋ ಎಂದು ಒಂದು ಕ್ಷಣ ಅನ್ನಿಸುತ್ತದೆ ನನಗೆ.

ಅಪ್ಪ ಪೇಟೆಯ ಒಂದು ಅಡತಿ ಅಂಗಡಿಯಲ್ಲಿ ಅರಳೆ ನೋಡುವವನಾಗಿದ್ದ. ಹಳ್ಳಿಗಳಿಂದ ಬಂದ ಚೀಲದೊಳಗೆ ಕೈಹಾಕಿ ಒಂದು ಹಿಡಿ ಅರಳೆ ತೆಗೆದು, ಎರಡು ಹೆಬ್ಬೆರಳುಗಳ ನಡುವೆ ಎಳೆದೆಳೆದು, ಬೆಳಕಿಗೆ ಹಿಡಿದು, ಎಳೆ ಎಷ್ಟು ಉದ್ದ, ಎಷ್ಟು ಶುಭ್ರ ಎಂದು ಹೇಳುವುದು ಅವನ ಕೆಲಸ. ಹರೆಯದಲ್ಲಿ ಅವನು ಅರಳೆ ಕೊಳ್ಳಲು ಬಂದ ಒಬ್ಬ ಬಿಳಿಯ ಸಾಹೇಬನ ಕೈಕೆಳಗೆ ಇದ್ದನಂತೆ. ಆ ಸಾಹೇಬನಿಗೆ ಹಳೆಯ ಬಂದೂಕುಗಳಿಂದ ಬಹು ದೂರದ ಹಲಗೆಗೆ ಗುರಿಯಿಟ್ಟು ಹೊಡೆಯುವ ಹುಚ್ಚು. ಸ್ವಾತಂತ್ರ್ಯ ಬಂದು ಅವನು ತನ್ನ ದೇಶಕ್ಕೆ ಹೊರಟಾಗ ಒಂದು ಬಂದೂಕನ್ನು ಅಪ್ಪನ ಹೆಸರಿಗೆ ಮಾಡಿಸಿಕೊಟ್ಟು ಹೋದ. ಹುಚ್ಚನ್ನೂ ಬಿಟ್ಟುಹೋದ ಎಂದು ನಮ್ಮ ಅತ್ತೆ ಹೇಳುತ್ತಿದ್ದಳು. ಮುಂದೆ ಸಂಸ್ಥಾನಗಳು ಮುಳುಗಿ, ಸರದಾರರ ಮನೆಗಳ ಸಾಮಾನು ಹೊರಬೀಳತೊಡಗಿದಾಗ ಅಪ್ಪ ರಜೆ ಹಾಕಿ ಅಲ್ಲಿ ಇಲ್ಲಿ ತಿರುಗಿ ಇನ್ನೂ ಮೂರನ್ನು ತಂದ. ಎಲ್ಲಿಂದ ಬಂದವೋ ಅದೇ ಅವುಗಳ ಹೆಸರು: ಸಾಹೇಬ, ಮಿರಜ, ಸಾಂಗ್ಲಿ, ಸವಣೂರ. ನಾಲ್ಕೂ ಅಪ್ಪ ಹುಟ್ಟುವುದಕ್ಕಿಂತ ಮೊದಲು ವಿಲಾಯತಿಯಲ್ಲಿ ಮಾಡಿದವು. ಒಂದು ಸಲಕ್ಕೆ ಒಂದೇ ತೋಟಾ. ಹೊಡೆದರೆ ಬಿಳಿಯ ಹೊಗೆ ಎದ್ದು ಹೊಡೆದವನನ್ನೇ ಮುಚ್ಚಿಬಿಡುತ್ತಿತ್ತು. ಹಿಂಬದಿಗೆ ಹಿತ್ತಾಳೆಯ ಒಂದು ಪುಟ್ಟ ಏಣಿ, ಏಣಿಯ ಮೇಲೆ ಸೂಜಿತೂತಿನಷ್ಟು ಗುರಿಗಣ್ಣು. ಅದರ ಪಕ್ಕದ ಸ್ಕ್ರೂ ತಿರುಗಿಸಿದರೆ ಗುರಿಗಣ್ಣು ಕೂದಲೆಳೆಯಷ್ಟು ಆಚೆ ಈಚೆ ಸರಿಯುತ್ತಿತ್ತು. ಇಲ್ಲಿ ಒಂದು ಕೂದಲೆಳೆ, ಅಲ್ಲಿ ಎಂಟುನೂರು ಗಜದ ಆಚೆ ಒಂದು ಮೊಳ.

ಅಪ್ಪ ಒಂದು ಗುಬ್ಬಿಯನ್ನೂ ಕೊಂದವನಲ್ಲ. ದಿನಾ ಬೆಳಿಗ್ಗೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ಕಣ್ಣಿನ ಮಟ್ಟಕ್ಕೆ ಹಿಡಿದು, ರೆಪ್ಪೆ ಬಡಿಯದೆ ಕೂತಿರುತ್ತಿದ್ದ. ಬಂದೂಕು ಹಿಡಿದಾಗಲೂ ಅದೇ ನೋಟ, ಅದೇ ಉಸಿರು. ಆದರೆ ಓಣಿಯವರು ಇದನ್ನು ನಂಬಲಿಲ್ಲ. ಶರಣರ ಮನೆಯಲ್ಲಿ ಬೇಟೆಗಾರ ಹುಟ್ಟಿದ್ದಾನೆ ಎಂದೇ ಅವರ ಲೆಕ್ಕ. ನನ್ನ ವಾರಿಗೆಯ ಹುಡುಗಿಯರನ್ನು ನಮ್ಮ ಮನೆಯ ಕಟ್ಟೆ ಹತ್ತಲು ಬಿಡುತ್ತಿರಲಿಲ್ಲ. ಸಾಲೆಯಲ್ಲಿ ಆಡುತ್ತಿದ್ದವರು ಓಣಿಯ ತಿರುವಿನಲ್ಲಿ ನನ್ನ ಕೈ ಬಿಡುತ್ತಿದ್ದರು. ನಾನು ಒಬ್ಬಳೇ ಕಟ್ಟೆಯ ಮೇಲೆ ಕೂತು ಐದು ಕಲ್ಲಿನಾಟ ಆಡುತ್ತಿದ್ದೆ. ಎಡಗೈ ಒಬ್ಬಳು, ಬಲಗೈ ಒಬ್ಬಳು.

ಅವ್ವ ನಮ್ಮ ಜೊತೆ ಇರಲಿಲ್ಲ. ನನಗೆ ಏಳು ವರ್ಷವಾಗಿದ್ದಾಗ ಅವಳ ಅಪ್ಪ ಹಾಸಿಗೆ ಹಿಡಿದರೆಂದು ಉಪ್ಪಿನಬೆಟಗೇರಿಯ ತವರಿಗೆ ಹೋದಳು. ಹಾಲು ಕುಡಿಯುವ ತಂಗಿ ಗೌರಿಯನ್ನು ಕಂಕುಳಲ್ಲಿ ಎತ್ತಿಕೊಂಡು, ಸಾಲೆ ತಪ್ಪಬಾರದೆಂದು ನನ್ನನ್ನು ಅತ್ತೆಯ ಬಳಿ ಬಿಟ್ಟು, ಹದಿನೈದು ದಿನಕ್ಕೆಂದು ಹೋದವಳು ತಿರುಗಿ ಬರಲಿಲ್ಲ. ಬರುವುದಿಲ್ಲ ಎಂದು ಯಾರೂ ನನಗೆ ಹೇಳಲೂ ಇಲ್ಲ. ಬೇಸಿಗೆ ರಜೆಗೆ ಮಾವ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಿದ್ದ, ರಜೆ ಮುಗಿದ ಮೇಲೆ ತಂದು ಬಿಡುತ್ತಿದ್ದ. ಅಲ್ಲಿ ಅಪ್ಪನ ಮಾತಿಲ್ಲ, ಇಲ್ಲಿ ಅವ್ವನ ಮಾತಿಲ್ಲ. ಅವಳ ಎರಡು ಇಳಕಲ್ ಸೀರೆಗಳು ಟ್ರಂಕಿನಲ್ಲೇ ಇದ್ದವು. ನಮ್ಮ ಅತ್ತೆ ಗಂಗವ್ವ, ಅಪ್ಪನ ವಿಧವೆ ಅಕ್ಕ, ವರ್ಷಕ್ಕೊಮ್ಮೆ ಅವನ್ನು ಬಿಸಿಲಿಗೆ ಹರವಿ, ಮಡಚಿ, ಮತ್ತೆ ಇಡುತ್ತಿದ್ದಳು. ಊಟದ ಹೊತ್ತಿನಲ್ಲಿ ರೊಟ್ಟಿ ಬಡಿಯುವ ಸದ್ದು, ಅಪ್ಪ ಅಗಿಯುವ ಸದ್ದು. ಅಪ್ಪ ಕೆಟ್ಟವನಲ್ಲ, ಸಿಟ್ಟಿನವನೂ ಅಲ್ಲ. ಆದರೆ ಮನೆಯೊಳಗೆ ಅವನಿಗೆ ಮಾತು ಬರುತ್ತಿರಲಿಲ್ಲ.

ಮನೆಯಲ್ಲಿ ಜಗಳ ಅಂತ ಆಗುತ್ತಿದ್ದದ್ದು ಒಂದೇ, ಪಾತ್ರೆಯ ಜಗಳ. ಆ ಹಳೆಯ ಬಂದೂಕುಗಳಿಗೆ ಗುಂಡು ಎಲ್ಲಿಯೂ ಸಿಗುತ್ತಿರಲಿಲ್ಲ. ಅಪ್ಪನೇ ಹಿತ್ತಲಿನಲ್ಲಿ ಒಲೆ ಹೂಡಿ ಸೀಸ ಕರಗಿಸಿ ಅಚ್ಚಿಗೆ ಹೊಯ್ಯುತ್ತಿದ್ದ. ಒಂದು ಸಲ ಕೈಗೆ ಸಿಕ್ಕ ಕಬ್ಬಿಣದ ಬಾಣಲೆಯನ್ನು ಒಯ್ದ. ಅದು ಹಬ್ಬದ ಕಡುಬು ಕರಿಯುವ ಬಾಣಲೆ. ಅತ್ತೆ ಅದನ್ನು ತೊಳೆಯಲಿಲ್ಲ, ಬೈಯಲಿಲ್ಲ, ಎತ್ತಿ ತಿಪ್ಪೆಯ ಮೇಲೆ ಇಟ್ಟು ಬಂದಳು. ಆ ವರ್ಷ ನಮ್ಮ ಮನೆಯಲ್ಲಿ ಕಡುಬಿಲ್ಲ. ಗುಂಡು ತಣ್ಣಗಾದ ಮೇಲೆ ಅದಕ್ಕೆ ತೆಳ್ಳನೆಯ ಕಾಗದದ ಅಂಗಿ ತೊಡಿಸಬೇಕು. ಕಾಗದವನ್ನು ಓರೆಯಾಗಿ ಕತ್ತರಿಸಿ, ನೀರಿನಲ್ಲಿ ಅದ್ದಿ, ಗುಂಡಿನ ಸುತ್ತ ಸರಿಯಾಗಿ ಎರಡು ಸುತ್ತು ಸುತ್ತಿ, ಬಾಲವನ್ನು ತಿರುಚಿ ಒಣಗಲು ನಿಲ್ಲಿಸುವುದು. ಸುತ್ತು ಮುಗಿಯುವಲ್ಲಿ ಅಂಚಿನ ಮೇಲೆ ಅಂಚು ಹತ್ತಿದರೆ ಗುಂಡು ಕೆಟ್ಟಿತು. ಇದು ದೊಡ್ಡ ಬೆರಳುಗಳ ಕೆಲಸವಲ್ಲ. ಎಂಟನೆಯ ವರ್ಷಕ್ಕೆ ನಾನು ಅದನ್ನು ಅಪ್ಪನಿಗಿಂತ ಚೆನ್ನಾಗಿ ಮಾಡುತ್ತಿದ್ದೆ. ಸಾಲೆ ಬಿಟ್ಟು ಬಂದ ಮೇಲೆ ಕಾಳಿನ ಕೋಣೆಯ ಮೇಜಿನ ಮುಂದೆ ಕೂತು ಸುತ್ತುತ್ತಿದ್ದೆ. ಅಪ್ಪ ಅಂಗಡಿಯಿಂದ ಬಂದು, ಒಂದನ್ನು ಎತ್ತಿ ಬೆರಳಿನಲ್ಲಿ ಹೊರಳಿಸಿ, ಮತ್ತೆ ಇಡುತ್ತಿದ್ದ. ಅಷ್ಟಕ್ಕಾಗಿ ನಾನು ಸಂಜೆಯೆಲ್ಲ ಕಾಯುತ್ತಿದ್ದೆ.

ರವಿವಾರ ಬಂತೆಂದರೆ ಅಪ್ಪ, ನಾನು ಇಬ್ಬರೇ ಸುಳ್ಳ ಎಂಬ ಹಳ್ಳಿಯ ಕಡೆ ಹೋಗುತ್ತಿದ್ದೆವು. ಸುಳ್ಳದ ಯಲ್ಲಪ್ಪನೆಂಬ ಒಕ್ಕಲಿಗನಿಗೆ ಊರಿನಾಚೆ ಏನೂ ಬೆಳೆಯದ ಒಂದು ಕಲ್ಲುಹೊಲವಿತ್ತು, ಅದರ ತುದಿಗೆ ಒಂದು ಬೋಳು ಮರಡಿಗುಡ್ಡ. ಅಂಗಡಿಗೆ ಅರಳೆ ತರುತ್ತಿದ್ದ ಪರಿಚಯದಿಂದ ಅದನ್ನು ಅಪ್ಪನಿಗೆ ಬಿಟ್ಟುಕೊಟ್ಟಿದ್ದ. ಮರಡಿಯ ಬುಡದಲ್ಲಿ ಆಳೆತ್ತರಕ್ಕಿಂತ ಆಳವಾದ ಒಂದು ತಗ್ಗು ತೋಡಿಸಿ, ಮುಂದಕ್ಕೆ ದಪ್ಪ ಮಣ್ಣಿನ ಗೋಡೆ ಕಟ್ಟಿಸಿದ್ದರು. ಎರಡು ಕಂಬಗಳ ನಡುವೆ ಗೋಣಿತಟ್ಟಿನ ಚೌಕಟ್ಟು, ಅದರ ಮೇಲೆ ಸುಣ್ಣ ಬಳಿದ ಕಾಗದ, ನಡುವೆ ಮಸಿಯ ದುಂಡು. ಇದೇ ಗುರಿಹಲಗೆ. ಅದನ್ನು ಎಳೆಯುವ ಹಗ್ಗದ ಇನ್ನೊಂದು ತುದಿಗೆ ಸಮತೂಕದ ಕಲ್ಲು ಕಟ್ಟಿದ್ದರಿಂದ ನನ್ನಂಥವಳೂ ಅದನ್ನು ಇಳಿಸಿ ಏರಿಸಬಹುದಿತ್ತು. ನಾನು ತಗ್ಗಿನಲ್ಲಿ ಇಳಿದು ಕೂತ ಮೇಲೆ ಅಪ್ಪ ಎಂಟುನೂರು ಗಜ ಹಿಂದಕ್ಕೆ ನಡೆದು ಹೋಗುತ್ತಿದ್ದ. ಅಲ್ಲಿ ಚಾಪೆ ಹಾಸಿ, ಅಂಗಾತ ಮಲಗಿ, ಕಾಲು ಮಡಚಿ, ಬಂದೂಕಿನ ನಳಿಗೆಯನ್ನು ಮಂಡಿಗಳ ನಡುವೆ ಇಟ್ಟು, ತಲೆ ಎತ್ತಿ ಗುರಿ ನೋಡುತ್ತಿದ್ದ. ಅದು ಆ ಬಂದೂಕುಗಳ ಕಾಲದ ಪದ್ಧತಿ. ಹೊಲಕ್ಕೆ ಹೋಗುವವರು ನಿಂತು ನಗುತ್ತಿದ್ದರು. ಒಂದೊಂದು ಗುಂಡು ಬಂದ ಮೇಲೂ ನಾನು ಹಲಗೆ ಇಳಿಸಿ, ತೂತು ನೋಡಿ, ಅದಕ್ಕೆ ಕಾಗದದ ತೇಪೆ ಅಂಟಿಸಿ, ಮತ್ತೆ ಏರಿಸಿ, ಗುಂಡು ಎಲ್ಲಿ ತಾಗಿತ್ತೋ ಅಲ್ಲಿ ಬಿದಿರಿನ ತುದಿಯ ಬಿಳಿ ತಟ್ಟೆಯನ್ನು ಹಿಡಿದು ತೋರಿಸಬೇಕು. ಹಲಗೆಗೇ ತಾಗದಿದ್ದರೆ ಕೆಂಪು ಬಾವುಟವನ್ನು ಎರಡು ಸಲ ಬೀಸಬೇಕು. ಅಪ್ಪ ದುರ್ಬೀನಿನಲ್ಲಿ ನೋಡಿ, ಸ್ಕ್ರೂ ತಿರುಗಿಸಿ, ಮುಂದಿನ ಗುಂಡು ಹೊಡೆಯುತ್ತಿದ್ದ.

ಆ ತಗ್ಗಿನಷ್ಟು ಒಂಟಿಯಾದ ಜಾಗವನ್ನು ನಾನು ಆಮೇಲೆ ಎಲ್ಲಿಯೂ ಕಂಡಿಲ್ಲ. ಮೇಲೆ ಬಾಗಿಲಿನಷ್ಟಗಲದ ಆಕಾಶ. ಗೋಡೆಯ ಬಿರುಕಿನಲ್ಲಿ ಓತಿಕ್ಯಾತ. ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಹತ್ತು ನಿಮಿಷವಾದರೂ ಹೋಗುತ್ತಿತ್ತು. ಅಪ್ಪ ಗಾಳಿ ನಿಲ್ಲುವುದನ್ನು ಕಾಯುತ್ತಿದ್ದ, ನಾನು ಅಪ್ಪನನ್ನು ಕಾಯುತ್ತಿದ್ದೆ. ಅವನು ಸತ್ತುಗಿತ್ತು ಹೋದನೇನೋ ಎಂದು ಎಷ್ಟೋ ಸಲ ಹೆದರಿದ್ದೇನೆ. ಅಷ್ಟರಲ್ಲಿ ತಲೆಯ ಮೇಲೆ ಗೋಣಿ ಹರಿದ ಸದ್ದು, ಅದರ ಜೊತೆಗೇ ದೂರದ ಢಮ್ಮೆನ್ನುವ ಸದ್ದು. ಅಪ್ಪ ಇದ್ದಾನೆ. ನಾನು ಹಲಗೆ ಇಳಿಸುತ್ತಿದ್ದೆ.

ಇಪ್ಪತ್ತು ಗುಂಡು ಮುಗಿದ ಮೇಲೆ ಅಪ್ಪ ನನ್ನ ಕಡೆ ನಡೆದು ಬರುತ್ತಿದ್ದ. ಬೇವಿನ ಗಿಡದ ಕೆಳಗೆ ಕೂತು ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ ತಿನ್ನುತ್ತ, ಅವನು ಮಾತಾಡುತ್ತಿದ್ದ. ನಾಲ್ಕನೆಯ ಗುಂಡು ಯಾಕೆ ಕೆಳಗೆ ಬಿತ್ತು, ಹನ್ನೊಂದನೆಯದಕ್ಕೆ ಗಾಳಿ ಹೇಗೆ ಮೋಸ ಮಾಡಿತು, ಸಾಹೇಬ ಏನು ಹೇಳುತ್ತಿದ್ದ, ಮಿರಜದ ಮುದುಕ ಸರದಾರ ಬಂದೂಕು ಕೊಡುವಾಗ ಹೇಗೆ ಅತ್ತ. ಅದೆಲ್ಲ ಬಂದೂಕಿನ ಮಾತೇ. ಆದರೂ ಅಪ್ಪ ನನ್ನ ಮುಖ ನೋಡಿ ಆಡುತ್ತಿದ್ದ ಮಾತು. ಸೋಮವಾರದಿಂದ ಶನಿವಾರದವರೆಗೆ ನಾನು ಅದನ್ನೇ ನೆನೆಸಿಕೊಂಡು ಇರುತ್ತಿದ್ದೆ. ಅಪ್ಪನ ಗುರಿ ಚೆನ್ನಾಗಿ ಕೂತ ದಿನ ಮಾತು ಹೆಚ್ಚು. ತಪ್ಪಿದ ದಿನ ಮಾತಿಲ್ಲ. ರೊಟ್ಟಿ ಮುರಿದು ಕೊಟ್ಟು ಮರಡಿಯ ಕಡೆ ನೋಡುತ್ತ ಕೂರುತ್ತಿದ್ದ. ಹಾಗೆ ತಪ್ಪಿದ ದಿನಗಳು ಮೊದಲು ಅಪರೂಪವಾಗಿದ್ದವು.

ಚೀನಾ ಯುದ್ಧ ಮುಗಿದ ಮರುವರ್ಷ ಇರಬೇಕು. ಯುದ್ಧದ ಸುದ್ದಿಗಳನ್ನು ಪತ್ರಿಕೆಯಲ್ಲಿ ಅಪ್ಪನೇ ಓದಿಕೊಂಡಿದ್ದ. ಈಗ ಓದು ಕಲಿಯಲೆಂದು ಹೇಳಿ ಪತ್ರಿಕೆಯನ್ನು ನನ್ನ ಕೈಗೆ ಕೊಡತೊಡಗಿದ. ಹೊಸ್ತಿಲ ಬಳಿ ಇಟ್ಟ ತಂಬಿಗೆಗೆ ಒಂದೆರಡು ಸಲ ಎಡವಿದ. ಅಂಗಡಿಯಲ್ಲಿ ಅರಳೆಯನ್ನು ಬೆಳಕಿಗೆ ಹಿಡಿಯುವುದು ಬಿಟ್ಟು ಬರಿಯ ಬೆರಳಿನಿಂದಲೇ ಹೇಳುತ್ತಾನೆ, ಎಂಥ ಅನುಭವ ನೋಡಿ ಎಂದು ಯಲ್ಲಪ್ಪ ಅತ್ತೆಯ ಮುಂದೆ ಹೊಗಳಿದ. ನನಗೆ ಅರ್ಥವಾಯಿತು, ಹೇಳಲಿಲ್ಲ. ಕಣ್ಣು ಹೋದರೆ ಅರಳೆ ನೋಡುವವನಿಗೆ ಅಂಗಡಿಯಲ್ಲಿ ಏನು ಕೆಲಸ ಎಂಬುದು ಹನ್ನೊಂದು ವರ್ಷದವಳಿಗೂ ಗೊತ್ತಾಗುವಂಥದ್ದು. ದಸರೆಯ ಹೊತ್ತಿಗೆ ತಗ್ಗಿನಲ್ಲಿ ಕೂತ ನನಗೆ ಗೋಣಿ ಹರಿಯುವ ಸದ್ದು ಕಡಿಮೆಯಾಯಿತು. ಬರಿಯ ಢಂ ಕೇಳುತ್ತಿತ್ತು, ಗುಂಡು ಎಡಕ್ಕೋ ಕೆಳಕ್ಕೋ ಮರಡಿಯ ಮಣ್ಣಿಗೆ ಹೊಕ್ಕು ಧೂಳು ಏಳುತ್ತಿತ್ತು. ಮೊದಲಾದರೆ ಆ ಧೂಳನ್ನು ನೋಡಿಯೇ ಅಪ್ಪ ಲೆಕ್ಕ ಹಾಕುತ್ತಿದ್ದ. ಈಗ ದುರ್ಬೀನಿನಲ್ಲಿ ಅವನಿಗೆ ಕಾಣುತ್ತಿದ್ದದ್ದು ನನ್ನ ತಟ್ಟೆ, ನನ್ನ ಬಾವುಟ, ಅಷ್ಟೇ. ಒಂದು ರವಿವಾರ ಹನ್ನೆರಡು ಸಲ ಬಾವುಟ ಬೀಸಿದೆ. ಆ ದಿನ ಅಪ್ಪ ರೊಟ್ಟಿಯನ್ನೂ ತಿನ್ನಲಿಲ್ಲ. ಇನ್ನು ಈ ಆಟ ಸಾಕು ಎಂದು ಯಲ್ಲಪ್ಪನಿಗೆ ಹೇಳಿದ್ದು ನನಗೆ ಕೇಳಿಸಿತು.

ದೀಪಾವಳಿಯ ಮುಂದಿನ ರವಿವಾರ ಮೊದಲ ಗುಂಡು ಹಲಗೆಯ ಎಡಕ್ಕೆ ಹೋಯಿತು. ನಾನು ಹಲಗೆ ಇಳಿಸಿದೆ, ಏರಿಸಿದೆ, ಮಸಿಯ ದುಂಡಿನ ಮೇಲೆ ಬಿಳಿ ತಟ್ಟೆ ಹಿಡಿದೆ. ಎಲ್ಲವನ್ನೂ ನಡುವಿಗೇ ತೋರಿಸಿದರೆ ಅನುಮಾನ ಬಂದೀತೆಂದು ಕೆಲವನ್ನು ತುಸು ಬಲಕ್ಕೆ ತೋರಿಸಿದೆ. ಮಧ್ಯೆ ಮಧ್ಯೆ ಬಾವುಟವನ್ನೂ ಬೀಸಿದೆ. ಕೊನೆಗೆ ಅಪ್ಪ ಬಂದು ಹಲಗೆ ನೋಡುತ್ತಾನೆಂದು ಒಂದು ಮೊಂಡು ಕಡ್ಡಿಯಿಂದ ಗೋಣಿಯಲ್ಲಿ ತೂತು ಮಾಡಿಟ್ಟೆ. ಬೇವಿನ ಕೆಳಗೆ ಅಪ್ಪ ಆ ದಿನ ಎರಡು ತಾಸು ಮಾತಾಡಿದ. ಎಂದೂ ಇಲ್ಲದವನು ಸಾಲೆಯಲ್ಲಿ ನನ್ನ ಪಕ್ಕ ಯಾರು ಕೂರುತ್ತಾರೆ ಎಂದು ಕೇಳಿದ. ಯಾರೂ ಇಲ್ಲ ಎಂದೆ. ಹಾಗಾದರೆ ಕಾಲು ಚಾಚಿ ಕೂರಬಹುದು ಎಂದು ನಕ್ಕ. ನಾನು ತಿರುಗಿ ಬರುವಾಗ ಯಲ್ಲಪ್ಪನ ಚಕ್ಕಡಿಯಲ್ಲಿ ಹಾಡುತ್ತ ಬಂದೆ. ಆಮೇಲೆ ನಾಲ್ಕು ತಿಂಗಳು ಪ್ರತಿ ರವಿವಾರ ಅದನ್ನೇ ಮಾಡಿದೆ.

ಬೇಸಿಗೆಯ ಮೊದಲಿಗೆ ಬೆಳಗಾವಿಯಿಂದ ಕಾಗದ ಬಂತು. ಹಳೆಯ ಬಂದೂಕುಗಳ ಹುಚ್ಚಿನವರು ಆ ಕಡೆ ಹತ್ತು ಹನ್ನೆರಡು ಜನರಿದ್ದರು. ಮೈದಾನವೊಂದರಲ್ಲಿ ಸೇರಿ ಎಂಟುನೂರು ಗಜಕ್ಕೆ ಹೊಡೆಯುವುದೆಂದು ಮಾಡಿದ್ದರು. ಬರೆದವರು ನಿವೃತ್ತರಾದ ಒಬ್ಬ ಮೇಜರ್ ಸಾಹೇಬರು. ಅಪ್ಪ ಹಿಂದಿನ ವರ್ಷಗಳಲ್ಲಿ ಇಂಥ ಕರೆಗೆ ಹೋದವನಲ್ಲ. ಈ ಸಲ ಹೋಗುತ್ತೇನೆ, ನೀಲಾನೂ ಬರಲಿ ಎಂದ. ಅತ್ತೆ ನನ್ನ ಜಡೆಗೆ ಹೊಸ ರಿಬ್ಬನ್ ಕಟ್ಟಿದಳು. ನನಗೆ ಹೊಟ್ಟೆನೋವು ಎಂದು ಹೇಳಿ ನೋಡಿದೆ. ಅತ್ತೆ ಅಜವಾನ ತಿನ್ನಿಸಿ ಕಳಿಸಿದಳು.

ಅಲ್ಲಿ ಅಪ್ಪ ಸವಣೂರ ಬಂದೂಕನ್ನು ಹಿಡಿದು ಮಲಗಿದ. ನಾನು ಅವನ ಹಿಂದೆ ಹುಲ್ಲಿನ ಮೇಲೆ ಕೂತಿದ್ದೆ. ಹಲಗೆಯ ಬಳಿ ತೋರಿಸುವವರು ಬೇರೆ, ನನಗೆ ಗೊತ್ತಿಲ್ಲದವರು. ಮೊದಲ ಗುಂಡು. ಹೊಗೆ ಸರಿದ ಮೇಲೆ ಎಂಟುನೂರು ಗಜದ ಆಚೆ ಕೆಂಪು ಬಾವುಟ ಎರಡು ಸಲ ಆಡಿತು. ಎರಡನೆಯದಕ್ಕೂ ಬಾವುಟ. ಅಪ್ಪ ಗಾಳಿ ಕಾದ, ಉಸಿರು ಬಿಗಿಹಿಡಿದ, ಮೂರನೆಯದನ್ನು ಹೊಡೆದ. ಏಳು ಸಲ ಬಾವುಟವೇ ಬಂತು. ಯಾರೂ ನಗಲಿಲ್ಲ, ಅದು ನಕ್ಕಿದ್ದಕ್ಕಿಂತ ಕಷ್ಟವಾಗಿತ್ತು. ಮೇಜರ್ ಸಾಹೇಬರು ಬಂದು ಮೆಲ್ಲಗೆ, ಗುರಿಗಣ್ಣು ಜರುಗಿದೆಯೇನೋ ಎಂದು ಕೇಳಿದರು. ಇಲ್ಲ, ಹೋದ ರವಿವಾರ ಇದೇ ಅಳತೆಯಲ್ಲಿ ಹದಿನಾಲ್ಕು ಕೂತಿವೆ ಎಂದ ಅಪ್ಪ. ಅವರು ಅಪ್ಪಣೆ ಕೇಳಿ ತಾವೇ ಮಲಗಿ ಎರಡು ಹೊಡೆದರು. ಎರಡಕ್ಕೂ ಬಾವುಟ. ದುರ್ಬೀನಿನಲ್ಲಿ ಧೂಳು ನೋಡುತ್ತಿದ್ದ ಅವರ ಗೆಳೆಯರು, ಗುಂಡುಗಳೆಲ್ಲ ಹಲಗೆಯ ಎಡಕ್ಕೆ ಒಂದು ಮಾರು ದೂರ ಬೀಳುತ್ತಿವೆ ಎಂದರು. ಮೇಜರ್ ಸಾಹೇಬರು ಸ್ಕ್ರೂ ತಿರುಗಿಸಿದರು, ತುಂಬ ಹೊತ್ತು ತಿರುಗಿಸಿದರು. ಆಮೇಲೆ ಹೊಡೆದದ್ದು ಮಸಿಯ ದುಂಡಿಗೇ ಕೂತು ಬಿಳಿ ತಟ್ಟೆ ಬಂತು. ಬಂದೂಕು ಚೆನ್ನಾಗಿದೆ, ಯಾರೋ ನಿಮಗೆ ತಪ್ಪು ತೋರಿಸಿದ್ದಾರೆ ಎಂದು ಅವರು ಸಹಜವಾಗಿ ಹೇಳಿದರು. ಅಪ್ಪ ತಿರುಗಿ ನನ್ನನ್ನು ನೋಡಲಿಲ್ಲ. ಬಂದೂಕಿನ ಮೂತಿಯನ್ನು ಬಟ್ಟೆಯಿಂದ ಒರೆಸಿ, ಚೀಲಕ್ಕೆ ಹಾಕಿ, ಅದರ ಬಾಯಿಯ ದಾರವನ್ನು ಕಟ್ಟತೊಡಗಿದ. ಗಂಟು ಅವನ ಕಣ್ಣಿಗೆ ಕಾಣಲಿಲ್ಲ. ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದ.

ಹಗಲು ರೈಲಿನಲ್ಲಿ ಹೊರಟೆವು. ಲೋಂಡಾದಲ್ಲಿ ಗಾಡಿ ಬದಲಿಸಿದೆವು. ಕಾಡು ದಾಟುವಾಗ, ಎದುರಿಗೆ ಕೂತಿದ್ದವರು ಇಳಿದುಹೋದ ಮೇಲೆ, ಅಪ್ಪ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದ.

"ಯಾವಾಗಿಂದ?"

"ದೀಪಾವಳಿಯಿಂದ."

"ಯಾಕ ಮಾಡ್ದಿ?"

"ತಪ್ಪಿದ ದಿನ ನೀ ಮಾತಾಡಂಗಿಲ್ಲ."

ರೈಲು ಒಂದು ಸಣ್ಣ ಸ್ಟೇಶನ್ನಿನಲ್ಲಿ ನಿಂತು, ನೀರು ಕುಡಿದು, ಮತ್ತೆ ಹೊರಟಿತು. ಆಗ ಅವನು ಹೇಳಿದ ಮಾತನ್ನು ನಾನು ಇಷ್ಟು ವರ್ಷಗಳಲ್ಲಿ ಒಂದಕ್ಷರ ಮರೆತಿಲ್ಲ.

"ಕಣ್ಣ ಹ್ವಾದ್ವು ಅಂತ ನನಗ ಗೊತ್ತಿತ್ತವಾ. ಹ್ವಾದ್ರ ಹೋಗ್ಲಿ, ನೀಲಾ ನೋಡಿ ತೋರಸ್ತಾಳಲ್ಲ ಅಂತ ಇದ್ದೆ. ನೀ ಬಲಕ್ಕ ತೋರ್ಸಿದಂಗೆಲ್ಲಾ ನಾ ಎಡಕ್ಕ ತಿರವಿದೆ. ಪ್ರತಿ ವಾರ ತಿರವಿದೆ."

ಅವನು ಸಿಟ್ಟಿನಿಂದ ಹೇಳಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಅವನು ಲೆಕ್ಕ ಒಪ್ಪಿಸಿದಂತೆ ಹೇಳಿದ. ನನ್ನ ಪ್ರೀತಿಯೇ ವಾರವಾರವೂ ಅವನ ಗುಂಡನ್ನು ಹಲಗೆಯಿಂದ ಒಂದಿಷ್ಟು ಆಚೆ ನೂಕಿತ್ತು. ಆಗ, ಯಾಕೋ ಗೊತ್ತಿಲ್ಲ, ನನ್ನ ಅಪರಾಧ ಹೊರಬಿದ್ದ ಮೇಲೆ ಇನ್ನು ಹೆದರುವುದಕ್ಕೆ ಏನೂ ಉಳಿದಿಲ್ಲವೆಂದೋ ಏನೋ, ನಾಲ್ಕು ವರ್ಷ ಕೇಳದೆ ಇದ್ದದ್ದನ್ನು ಕೇಳಿಬಿಟ್ಟೆ. ಅವ್ವ ಯಾಕೆ ಮನೆಗೆ ಬರುವುದಿಲ್ಲ ಎಂದೆ. ಅಳ್ನಾವರ ಬಂದಾಗ ಅಪ್ಪ ಹೇಳಿದ.

"ಬಾ ಅಂತ ನಾ ಅಂದಿಲ್ಲ."

ಅಷ್ಟೇ. ಹದಿನೈದು ದಿನಕ್ಕೆಂದು ಹೋದವಳು ತಾನಾಗಿ ಬರುತ್ತಾಳೆಂದು ಇವನು ಕೂತಿದ್ದ. ಕರೆಯಲು ಬರುತ್ತಾನೆಂದು ಅವಳು ಕೂತಿದ್ದಳು. ನಾನು ಎರಡು ಊರುಗಳ ನಡುವೆ ಬೇಸಿಗೆಗೊಮ್ಮೆ ಓಡಾಡಿಕೊಂಡು, ಇದರಲ್ಲಿ ನನ್ನದೇ ಏನೋ ತಪ್ಪಿರಬೇಕೆಂದು ತಿಳಿದುಕೊಂಡಿದ್ದೆ.

ಮುಂದಿನ ರವಿವಾರ ನಾವು ಸುಳ್ಳಕ್ಕೆ ಹೋಗಲಿಲ್ಲ. ಧಾರವಾಡಕ್ಕೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಉಪ್ಪಿನಬೆಟಗೇರಿಗೆ ಹೋದೆವು. ಅವ್ವ ಅಂಗಳದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ಅಪ್ಪನನ್ನು ಕಂಡು ಮೊರ ಕೆಳಗಿಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು, ಕಾಲಿಗೆ ನೀರು ತಂದುಕೊಟ್ಟಳು. ಹಾಸಿಗೆ ಹಿಡಿದ ಅಜ್ಜ ಒಳಗಿನಿಂದ ಯಾರು ಎಂದು ಕೇಳಿದ. ಗೌರಿ ಈಗ ಐದು ವರ್ಷದವಳು. ಅವಳು ಕಂಬದ ಹಿಂದೆ ನಿಂತು, ಅಪ್ಪನನ್ನು ಪರವೂರಿನವರನ್ನು ನೋಡುವಂತೆ ನೋಡುತ್ತಿದ್ದಳು. ಅಪ್ಪ ಕಟ್ಟೆಯ ಮೇಲೆ ಕೂತು, ಕೊಟ್ಟ ಮಜ್ಜಿಗೆಯನ್ನು ಪೂರ್ತಿ ಕುಡಿದು, ಲೋಟ ಇಟ್ಟು, ಕರೆಯಲು ಬಂದಿದ್ದೇನೆ ಎಂದ. ಅವ್ವ ಮತ್ತೆ ಮೊರ ಎತ್ತಿಕೊಂಡಳು. ಎರಡು ಸಲ ಕೇರಿ, ಕಲ್ಲು ಆರಿಸಿ ಎಸೆದು, ತಲೆ ಎತ್ತದೆ ಹೇಳಿದಳು.

"ಬಂದೂಕಿಗೆ ಅಂಜಿ ಬಂದೇನಿ ಅಂತ ಮಂದಿ ಅಂತಾರ. ಬಂದೂಕು ನನಗೇನ್ ಮಾಡಿದ್ದುವ್ರಿ. ಆ ಮನ್ಯಾಗ ಮಾತಾಡವ್ರು ಇರಲಿಲ್ಲ. ಈ ಕರಿಯೂ ಮಾತಿಗೆ ನಾಲ್ಕು ವರ್ಷ ಕಾದೇನಿ. ಈಗ ಕಾಯೂದು ಬಿಟ್ಟೇನಿ."

ಅಪ್ಪ ತಲೆ ಆಡಿಸಿದ. ಇದನ್ನು ಒಪ್ಪಿಕೊಂಡವನಂತೆ ಎದ್ದು ನಿಂತ. ಟೋಪಿಗೆಂದು ಕೈಚಾಚಿದ, ಟೋಪಿ ಗೂಟದಲ್ಲಿತ್ತು, ಅವನ ಕೈ ಅದರ ಪಕ್ಕದ ಗೋಡೆಯನ್ನು ಸವರಿತು. ನನ್ನ ಹೊರತು ಯಾರೂ ಅದನ್ನು ಗಮನಿಸಲಿಲ್ಲ. ಅಂಗಡಿಯವರಿಂದ, ಅತ್ತೆಯಿಂದ, ಓಣಿಯಿಂದ ಅವನು ಮುಚ್ಚಿಟ್ಟದ್ದು ಅದೊಂದೇ. ನಾನು ಹೇಳಬಾರದಿತ್ತೇನೋ. ಆದರೆ ಇದ್ದದ್ದನ್ನು ಇದ್ದಂತೆ ತೋರಿಸದೆ ನಾನು ಏನು ಮಾಡಿದ್ದೆನೆಂದು ಆ ವಾರವೆಲ್ಲ ನೋಡಿದ್ದೆ.

"ಅಪ್ಪಗ ಕಣ್ಣ ಕಾಣಂಗಿಲ್ಲವ್ವಾ," ಎಂದೆ.

ಅವ್ವನ ಕೈಯಲ್ಲಿ ಮೊರ ನಿಂತಿತು. ಅವಳು ಮೊದಲ ಸಲ ಅಪ್ಪನ ಮುಖವನ್ನು ನೇರವಾಗಿ ನೋಡಿ, ಹೌದೇನು ಎಂದು ಕೇಳಿದಳು. ಅಪ್ಪ ಗೋಡೆಗೆ ಕೈ ಊರಿಕೊಂಡೇ ಹೌದು ಎಂದ. ಎಷ್ಟು ದಿನವಾಯಿತೆಂದು ಅವಳು ಕೇಳಿದಳು; ಎರಡು ವರ್ಷವಾಗುತ್ತ ಬಂತು ಎಂದ. ಅವ್ವ ಎದ್ದು ಟೋಪಿ ತೆಗೆದು ಅವನ ಕೈಗೆ ಕೊಟ್ಟಳು. ಆ ದಿನ ಅವಳು ನಮ್ಮ ಜೊತೆ ಬರಲಿಲ್ಲ. ನನ್ನನ್ನು ಇಲ್ಲೇ ಇರುತ್ತೀಯಾ ಎಂದು ಕೇಳಿದಳು. ಅಪ್ಪನ ಹತ್ತಿರ ಇರುತ್ತೇನೆ ಎಂದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ; ನನ್ನ ಜಡೆ ಬಿಚ್ಚಿ, ಎಣ್ಣೆ ಹಚ್ಚಿ, ಬಿಗಿಯಾಗಿ ಹೆಣೆದು ಕಳಿಸಿದಳು. ಸಂಜೆ ಮನೆ ಮುಟ್ಟಿದಾಗ ಅತ್ತೆ ಏನನ್ನೂ ಕೇಳದೆ ತಟ್ಟೆ ಇಟ್ಟಳು. ಅಪ್ಪ ತಾನಾಗಿಯೇ ಹೇಳಿದ: ಕರೆದೆ, ಬರುವುದಿಲ್ಲ ಎಂದಳು, ಅವಳದು ತಪ್ಪಿಲ್ಲ, ನನಗೆ ಕಣ್ಣು ಕಾಣುವುದಿಲ್ಲ. ಒಂದೇ ಉಸಿರಿನಲ್ಲಿ ಇಷ್ಟು ಮಾತುಗಳು ಆ ನಡುಮನೆಯಲ್ಲಿ ಅಲ್ಲಿಯವರೆಗೆ ಬಿದ್ದಿರಲಿಲ್ಲ. ಅತ್ತೆ ರೊಟ್ಟಿ ಹಿಡಿದುಕೊಂಡು ಹಾಗೇ ನಿಂತಳು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅಪ್ಪನ ಕಣ್ಣಿನ ಪೊರೆ ತೆಗೆದರು. ಆಗ ಅವ್ವ ಬಂದಳು. ಎಂಟು ದಿನ, ತಲೆ ಅಲುಗಿಸದೆ ಮಲಗಿದ ಅಪ್ಪನ ಮಂಚದ ಪಕ್ಕ ಕೂತು ಗಂಜಿ ಕುಡಿಸಿದಳು. ಅವರು ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ನಾನು ಬುತ್ತಿ ತೆಗೆದುಕೊಂಡು ಹೋದಾಗ ಇಬ್ಬರೂ ಸುಮ್ಮನಿರುತ್ತಿದ್ದರು. ಒಂಬತ್ತನೆಯ ದಿನ ಅವಳು ಅಲ್ಲಿಂದಲೇ ತನ್ನ ಊರಿಗೆ ಹೋದಳು. ಗಾಜಿನ ಬಾಟಲಿಯ ತಳದಂಥ ದಪ್ಪ ಕನ್ನಡಕ ಬಂತು. ಅದರಿಂದ ಅರಳೆ ಕಾಣುತ್ತಿತ್ತು, ಪತ್ರಿಕೆ ಕಾಣುತ್ತಿತ್ತು; ಸೂಜಿತೂತಿನ ಗುರಿಗಣ್ಣು ಕಾಣಲಿಲ್ಲ. ಅಪ್ಪ ಬೆಳಗಾವಿಗೆ ಕಾಗದ ಬರೆಸಿದ. ಮೇಜರ್ ಸಾಹೇಬರು ಜೀಪಿನಲ್ಲಿ ಬಂದು, ಕಚೇರಿಯ ಕಾಗದಪತ್ರ ಮುಗಿಸಿ, ನಾಲ್ಕನ್ನೂ ಒಯ್ದರು. ಯಾವುದು ಗಾಳಿಗೆ ಹೇಗೆ ಓಲುತ್ತದೆ, ಯಾವುದಕ್ಕೆ ಎಷ್ಟು ಮದ್ದು ಎಂದು ಅಪ್ಪ ಒಂದೊಂದನ್ನೂ ಹೆಸರು ಹಿಡಿದು ಹೇಳಿ ಕೊಟ್ಟ. ಜೀಪು ಹೋದ ಮೇಲೆ ಅರ್ಧ ದಿನ ಕಟ್ಟೆಯ ಮೇಲೆ ಕೂತಿದ್ದ. ನಾನು ಪಕ್ಕದಲ್ಲಿ ಕೂತೆ. ಇನ್ನು ರವಿವಾರ ಎಲ್ಲಿಗೆ ಹೋಗುವುದು ಎಂದು ಇಬ್ಬರೂ ಯೋಚಿಸುತ್ತಿದ್ದೆವೆಂದು ಕಾಣುತ್ತದೆ.

ಹೋದದ್ದು ಉಪ್ಪಿನಬೆಟಗೇರಿಗೆ. ಯಾರೂ ಕರೆದಿರಲಿಲ್ಲ. ಹತ್ತರ ಸುಮಾರಿಗೆ ಹೋಗಿ ಅಂಗಳದ ಕಟ್ಟೆಯ ಮೇಲೆ ಕೂರುವುದು, ಊಟ ಮಾಡುವುದು, ನಾಲ್ಕರ ಬಸ್ಸಿಗೆ ಹೊರಡುವುದು. ಮೊದಲ ವಾರಗಳಲ್ಲಿ ಅಪ್ಪ ಅಲ್ಲಿ ಪರೀಕ್ಷೆಗೆ ಕೂತ ಹುಡುಗನಂತೆ ಇರುತ್ತಿದ್ದ. ಒಂದು ಮಾತು ಆಡಿ, ಅದು ಎಲ್ಲಿ ಬಿತ್ತೆಂದು ತಿಳಿಯದೆ ಸುಮ್ಮನಾಗುತ್ತಿದ್ದ. ಮಳೆ, ಕಡಲೆ, ಅಜ್ಜನ ಬೆನ್ನಿನ ಹುಣ್ಣು, ಗೌರಿಯ ಮಗ್ಗಿ. ಅವ್ವ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ತಾನಾಗಿ ಏನನ್ನೂ ಕೇಳುತ್ತಿರಲಿಲ್ಲ. ಬಸ್ಸಿನಲ್ಲಿ ತಿರುಗಿ ಬರುವಾಗ ಅಪ್ಪ ದಣಿದಿರುತ್ತಿದ್ದ, ಇಡೀ ದಿನ ಬಿಸಿಲಿನಲ್ಲಿ ಮಲಗಿ ಹೊಡೆದವನಿಗಿಂತ ಹೆಚ್ಚು ದಣಿದಿರುತ್ತಿದ್ದ. ಮರುವಾರ ಮತ್ತೆ ಹೊರಡುತ್ತಿದ್ದ.

ಅವ್ವ ನಮ್ಮ ಮನೆಗೆ ತಿರುಗಿ ಬಂದು ಇರಲೇ ಇಲ್ಲ. ಅದನ್ನು ಈಗಲೇ ಹೇಳಿಬಿಡುತ್ತೇನೆ. ಆದರೆ ಮಳೆಗಾಲದ ಒಂದು ರವಿವಾರ ದಾರಿಯಲ್ಲಿ ಹಳ್ಳ ಬಂದು ನಮ್ಮ ಬಸ್ಸು ಎರಡು ತಾಸು ನಿಂತಿತು. ಊರು ಮುಟ್ಟಿದಾಗ ಮಧ್ಯಾಹ್ನ ತಿರುಗಿತ್ತು. ಇಳಿದು ನೋಡಿದರೆ, ಬಸ್ಸು ನಿಲ್ಲುವ ಆಲದ ಮರದ ಕೆಳಗೆ, ಗೋಣಿಚೀಲದ ಕೊಪ್ಪೆ ಹೊದ್ದುಕೊಂಡು ಗೌರಿ ಒಬ್ಬಳೇ ನಿಂತಿದ್ದಳು. ಕಾಲೆಲ್ಲ ಕೆಸರು. ಅವಳು ಅಪ್ಪನ ಹತ್ತಿರ ಬಂದು, ಬಾಯಿಪಾಠ ಒಪ್ಪಿಸುವಂತೆ ಹೇಳಿದಳು.

"ಯಾಕ ತಡಾ ಆತು ಅಂತ ಅವ್ವ ಕೇಳಾಕತ್ಯಾಳ."

ಅಪ್ಪ ಆ ಮಳೆಯಲ್ಲೇ ನಿಂತುಬಿಟ್ಟ. ಕನ್ನಡಕದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅವ್ವ ಏನೆಂದಳು, ಇನ್ನೊಮ್ಮೆ ಹೇಳು ಎಂದು ಬಗ್ಗಿ ಕೇಳಿದ. ಗೌರಿ ಇನ್ನೊಮ್ಮೆ ಹೇಳಿದಳು.